ಏರುತ್ತ ಹೋದ ಶ್ರುತಿ

ತಂಬೂರಿಯ ತಂತಿ ಬಿಗಿದರೆ ಶ್ರುತಿ ಏರುತ್ತದೆ. ಗಂಟಲನ್ನು ಬಿಗಿಯುವುದು ಹೇಗೆ? ಯುರೋಪಿನ ಗಾಯಕಿಯರಿಗೆ ಒಮ್ಮೆ ಈ ಪಾಡು ಬಂದಿತ್ತು.

ವಿಜ್ಞಾನದ ತರಗತಿಯಲ್ಲಿ ರಬ್ಬರಿಗೆ ಬಡಿದು ಕಿವಿಗೆ ಹಿಡಿಯುತ್ತಿದ್ದೆವಲ್ಲ, ಆ ಶ್ರುತಿಕವೆಯನ್ನು 1711ರಲ್ಲಿ ಮಾಡಿದವನು ಜಾನ್ ಷೋರ್ ಎಂಬ ಇಂಗ್ಲಿಷ್ ಕಹಳೆಗಾರ. ಸಂಗೀತಗಾರ ಹ್ಯಾಂಡೆಲ್‌ನದೆನ್ನುವ ಕವೆಯೊಂದು ಉಳಿದಿದೆ. ವಾದ್ಯಗಳನ್ನೆಲ್ಲ ಕೂಡಿಸುವ ಅವರ ‘ಎ’ ಸ್ವರಕ್ಕೆ ಅದರಲ್ಲಿ ಸೆಕೆಂಡಿಗೆ 422.5 ಕಂಪನ. 1858ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಅದೇ ಸ್ವರ 448! ಹಾರ್ಮೋನಿಯಂನಲ್ಲಿ ಬಿಳಿ ಪಟ್ಟಿಯಿಂದ ಪಕ್ಕದ ಕಪ್ಪು ಪಟ್ಟಿಗೆ ಏರಿದಷ್ಟು. ವಾದ್ಯ ಕಳೆಕಟ್ಟಲೆಂದು ಏರಿಸಿದವರು ವಾದ್ಯದವರು. ಹಳೆಯ ಹಾಡನ್ನೇ ಹೊಸ ಎತ್ತರದಲ್ಲಿ ಹಾಡಬೇಕಾದವರ ಗಂಟಲಿಗೆ ಕುತ್ತು. ಕೊನೆಗೆ 1859ರಲ್ಲಿ ಫ್ರೆಂಚ್ ಸರ್ಕಾರವೇ 435 ಎಂದು ಗೊತ್ತುಮಾಡಿತು. ಸಲಹೆ ಕೊಟ್ಟ ಸಮಿತಿಯಲ್ಲಿ ರೊಸ್ಸಿನಿ, ಬೆರ್ಲಿಯೋಜ್ ಇದ್ದರು, ಭೌತವಿಜ್ಞಾನಿಗಳಿದ್ದರು, ಸೇನಾಧಿಕಾರಿಯೂ ಇದ್ದ. ಹಾಡುವ ಹೆಂಗಸು ಒಬ್ಬಳೂ ಇರಲಿಲ್ಲ! 1939ರಲ್ಲಿ ಲಂಡನ್ನಿನ ಸಭೆ ಅದನ್ನು 440ಕ್ಕೆ ನಿಲ್ಲಿಸಿತು.

ನಮ್ಮ ಷಡ್ಜಕ್ಕೆ ಇಂಥ ಸಂಖ್ಯೆಯ ಕಟ್ಟಿಲ್ಲ. ಅವರವರ ಗಂಟಲೇ ಲೆಕ್ಕ. ಆದರೂ ಶಾಲೆಯ ಪ್ರಾರ್ಥನೆಗೆ ಮೇಷ್ಟರು ತಮ್ಮ ಶ್ರುತಿಯಲ್ಲೇ ಹಾರ್ಮೋನಿಯಂ ಹಿಡಿದುಬಿಡುತ್ತಾರೆ. ಹುಡುಗಿಯರ ದನಿ ಕೆಳಗೆಲ್ಲೋ ಹೂತುಹೋಗುತ್ತದೆ. “ನಾಲ್ಕು ಬಿಳಿ ಪಟ್ಟಿ ಮೇಲಕ್ಕೆ ಹೋಗಿ, ಮೇಷ್ಟ್ರೇ” ಎಂದು ನಾನು ಈಗಲೂ ಹೇಳುತ್ತೇನೆ.