ಪರಮತದ ಪಾಠ

ಜೋಡುಕಳಸದ ಗುಡಿಗೆ, ನಾಗಕುಂಡಕ್ಕೆ ಹೆಸರಾದ ಸೂಡಿ ಗಜೇಂದ್ರಗಡ ಸೀಮೆಯ ಊರು. ಹನ್ನೊಂದನೆಯ ಶತಮಾನದಲ್ಲಿ, ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳಿದ ಕಾಲದ ಈ ನಾಡಿನಲ್ಲಿ, ಕಾಳಾಮುಖ ಆಚಾರ್ಯ ಸೋಮೇಶ್ವರ ಪಂಡಿತರಿದ್ದುದನ್ನು ಸೂಡಿಯ ಶಾಸನಗಳು ತಿಳಿಸುತ್ತವೆ. ನರೇಗಲ್ಲಿನಲ್ಲಿ ಕ್ರಿ.ಶ. 950ರ ಜಿನಾಲಯವಿತ್ತು, ಡಂಬಳದ ಬೌದ್ಧ ವಿಹಾರವನ್ನು 1095ರ ಶಾಸನ ಹೇಳುತ್ತದೆ. ಇಂಥ ನೆರೆಹೊರೆಯಲ್ಲಿ ಶೈವ ವಿದ್ಯಾರ್ಥಿಗೆ ಪರಮತವು ಬರಿಯ ಕೇಳಿಕೆಯ ಮಾತಾಗಿರಲು ಸಾಧ್ಯವಿರಲಿಲ್ಲ.

ಅದೇ ಪಂಥದ ಮಠಗಳಲ್ಲಿ ಓದು ಎಂಥದಿತ್ತೆಂಬುದಕ್ಕೆ ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವನ್ನು ನೋಡಬೇಕು. ಲಾಕುಳ ಸಿದ್ಧಾಂತ, ಪಾತಂಜಲ ಯೋಗಗಳೊಡನೆ ನ್ಯಾಯ, ಸಾಂಖ್ಯ, ಬೌದ್ಧ ದರ್ಶನಗಳಿಗೂ ಅಲ್ಲಿ ವ್ಯಾಖ್ಯಾನವಿತ್ತು. ವ್ಯಾಕರಣದಲ್ಲಿ ಪಾಣಿನಿಯ ಜೊತೆಗೆ ಜೈನನಾದ ಶಾಕಟಾಯನ! ಪ್ರಶಸ್ತಿಯಲ್ಲವೆ, ಉತ್ಪ್ರೇಕ್ಷೆ ಇದ್ದೀತು. ಆದರೂ ಶೈವಮಠವೊಂದು ಬೌದ್ಧದರ್ಶನದ ಪಾಠವನ್ನು ತನ್ನ ಹಿರಿಮೆಯೆಂದು ಕಲ್ಲಿನಲ್ಲಿ ಕಡೆಯಿಸಿತೆಂಬುದನ್ನು ಭಕ್ತರು ಗಮನಿಸಬೇಕು.

ಶಾಸ್ತ್ರಾಭ್ಯಾಸದಲ್ಲಿ ಪೂರ್ವಪಕ್ಷಕ್ಕೆ ಮೊದಲ ಸ್ಥಾನ. ಪ್ರತಿವಾದಿಯೇ ಒಪ್ಪುವಂತೆ ಅವನ ಮತವನ್ನು ನಿರೂಪಿಸಿದ ಬಳಿಕವೇ ಸಿದ್ಧಾಂತ. ಹಾಗೆ ನಿರೂಪಿಸುತ್ತಿರುವಾಗಲೇ ತನ್ನ ವಾದದ ಸಡಿಲು ಕಾಣುವುದು, ಉತ್ತರವನ್ನು ತಿದ್ದಿಕೊಳ್ಳಬೇಕಾಗುವುದು. ಇಂದು ಪೂರ್ವಪಕ್ಷವನ್ನು ಖಂಡನಗ್ರಂಥಗಳಿಂದಲೇ ಕಲಿತು ಮುಗಿಸುವುದುಂಟು. ಕೋಡಿಯಮಠದ ವಟುಗಳ ಮುಂದೆ ಶಾಕಟಾಯನನ ವ್ಯಾಕರಣವೇ ಇತ್ತು.