ಬಾಗಿಲ ಹಿಂದಿನ ನುಡಿ

ನನ್ನ ಸೋದರತ್ತೆಯ ಮದುವೆ 1966ರಲ್ಲಿ ನಮ್ಮ ಮನೆಯ ಮುಂದಿನ ಹಂದರದಲ್ಲಿಯೇ ಆಯಿತು. ನನಗಾಗ ಒಂಬತ್ತು ವರ್ಷ. ಮದುಮಕ್ಕಳನ್ನು ಹಸೆಯ ಮೇಲೆ ಕೂಡಿಸಿ ಹೆಂಗಸರು ‘ಲಕ್ಷ್ಮೀ ಶೋಭಾನೆ’ ಹಾಡತೊಡಗಿದ್ದರು. ಅರ್ಧ ಹಾಡು ಸರಾಗವಾಗಿ ಬಂತು. ಕ್ಷೀರಸಮುದ್ರದಿಂದ ಹುಟ್ಟಿಬಂದ ಲಕ್ಷ್ಮಿ ಮಾಲೆ ಹಿಡಿದು ನಿಂತು ಒಬ್ಬೊಬ್ಬ ದೇವತೆಯನ್ನೇ ನೋಡಿ, ಇವನಲ್ಲಿ ಈ ಕೊರತೆ, ಅವನಲ್ಲಿ ಆ ಕೊರತೆ ಎಂದು ಬಿಡುತ್ತ ಹೋಗುವ ಭಾಗ ಬಂತು ನೋಡಿ, ಅಲ್ಲಿ ಹಾಡು ತಡವರಿಸಿತು. ಯಾರಾದ ಮೇಲೆ ಯಾರು? ಹೇಳಿಕೊಡುತ್ತಿದ್ದ ಹಿರಿಯ ಮುತ್ತೈದೆ ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು.

ಆಗ ಅಡಿಗೆಮನೆಯ ಬಾಗಿಲ ಹಿಂದಿನಿಂದ ಒಂದು ಸಣ್ಣ ಧ್ವನಿ ಮುಂದಿನ ನುಡಿಯ ಮೊದಲೆರಡು ಶಬ್ದ ಕೊಟ್ಟಿತು. ಅಷ್ಟು ಸಾಕಾಯಿತು. ಹಾಡು ಮತ್ತೆ ಹಳಿಗೆ ಬಿದ್ದು ನಡೆಯಿತು. ಹೀಗೆ ಮೂರು ಸಲ ಆಯಿತೆಂದು ನನ್ನ ನೆನಪು. ಯಾರೂ ಬಾಗಿಲ ಕಡೆ ತಿರುಗಿ ನೋಡಲಿಲ್ಲ, ಯಾರ ಧ್ವನಿ ಎಂದು ಕೇಳಲೂ ಇಲ್ಲ. ಹೊಸ್ತಿಲ ಹತ್ತಿರವೇ ಕೂತಿದ್ದ ನನಗೆ ಮಾತ್ರ ಕಾಣುತ್ತಿತ್ತು: ಬೋಳು ತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದು, ಕೈಯಲ್ಲಿ ಸೌಟು ಹಿಡಿದುಕೊಂಡೇ ನಿಂತಿದ್ದ ನಮ್ಮ ಮಡಿ ಅಜ್ಜಿ.

ಆಕೆ ನನ್ನ ಅಜ್ಜನ ಅಕ್ಕ. ಒಂಬತ್ತಕ್ಕೆ ಮದುವೆ, ಹನ್ನೆರಡಕ್ಕೆ ವೈಧವ್ಯ. ಗಂಡನ ಮುಖವೇ ನೆನಪಿಲ್ಲ ಎಂದು ಒಮ್ಮೆ ತಾನಾಗಿಯೇ ಹೇಳಿದ್ದಳು. ತವರಿಗೆ ಬಂದವಳು ಐದು ತಲೆಮಾರಿನ ಅಡಿಗೆ ಮಾಡಿ ಹಾಕಿದಳು. ಮದುವೆಯ ಇಡೀ ಊಟ ಆಕೆಯ ಕೈಯದು, ಆದರೆ ಮದುಮಗಳ ಎದುರಿಗೆ ಆಕೆ ಬರುವಂತಿರಲಿಲ್ಲ. ಕಂಡರೆ ಅಪಶಕುನ. ಕೇಳಿದರೆ ಏನೂ ಆಗುವುದಿಲ್ಲವೆಂದು ಕಾಣುತ್ತದೆ, ಧ್ವನಿಯ ಬಗ್ಗೆ ಶಾಸ್ತ್ರ ಯಾರೂ ಬರೆದಿಡಲಿಲ್ಲವೇನೋ!

ಶೋಭಾನೆಯನ್ನು ರಚಿಸಿದವರು ಸೋದೆಯ ವಾದಿರಾಜರು. ಹದಿನಾರನೆಯ ಶತಮಾನದ ಈ ಯತಿ ಸಂಸ್ಕೃತದಲ್ಲಿ ದೊಡ್ಡ ದೊಡ್ಡ ವಾದಗ್ರಂಥ ಬರೆದವರು. ಹೆಂಗಸರ ಬಾಯಲ್ಲಿ ಇವತ್ತಿಗೂ ಉಳಿದಿರುವುದು ಮಾತ್ರ ಈ ಕನ್ನಡ ಹಾಡು. ನೂರಕ್ಕೂ ಮೀರಿದ ನುಡಿಗಳು. ಒಬ್ಬರು ನುಡಿ ಹೇಳಿದರೆ ಉಳಿದವರೆಲ್ಲ ಪಲ್ಲವಿ ಹಿಡಿಯಬೇಕು. ಈ ಪಲ್ಲವಿ ಇರುವುದೇ ಹೇಳಿಕೊಡುವವಳಿಗೆ ಉಸಿರು ತೆಗೆದುಕೊಂಡು ಮುಂದಿನದನ್ನು ನೆನೆಯಲಿಕ್ಕೆ ಎಂದು ಅಜ್ಜಿಯ ಮತ. ಕೊನೆಗೆ ಫಲಶ್ರುತಿಯೂ ಉಂಟು. ಮದುವೆಯ ಮನೆಯಲ್ಲಿ ಇದನ್ನು ಹಾಡಿದರೆ ಹೆಣ್ಣಿಗೆ ಓಲೆಭಾಗ್ಯ ತಪ್ಪದು ಎಂಬ ಅರ್ಥದ ಮಾತು ಅಲ್ಲಿದೆ. ಆ ನುಡಿಗಳನ್ನೂ ತಪ್ಪಿಲ್ಲದೆ ಬಲ್ಲವಳೆಂದರೆ ಆ ಮನೆಯಲ್ಲಿ ಆಕೆ ಒಬ್ಬಳೇ.

“ಅಜ್ಜೀ, ಇದನ್ನೆಲ್ಲಾ ನೀ ಯಾವಾಗ ಕಲತಿ?” ಎಂದು ಕೇಳಿದ್ದೆ.

“ಕಲೀಲಿಕ್ಕೆ ಎಲ್ಲಿ ಕೂತಿದ್ದೆ ಕೂಸ? ಕೆಲಸಾ ಮಾಡಕೋತ ಬಂತು.”

ಈ ಉತ್ತರ ನನಗೆ ಆಗ ತಿಳಿಯಲಿಲ್ಲ. ಈಗ, ಸಂಸಾರ ನೌಕರಿ ಎರಡನ್ನೂ ಮುಗಿಸಿ ಕೂತ ಮೇಲೆ ಅದನ್ನೇ ಮತ್ತೆ ಮತ್ತೆ ಯೋಚಿಸುತ್ತೇನೆ.

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅದರಲ್ಲಿ ವಿಶೇಷವೇನೂ ಇಲ್ಲ. 1901ರ ಜನಗಣತಿಯ ಪ್ರಕಾರ ಇಡೀ ದೇಶದಲ್ಲಿ ಓದು ಬಲ್ಲ ಹೆಂಗಸರು ನೂರಕ್ಕೆ ಒಬ್ಬರೂ ಇರಲಿಲ್ಲ. ನಮ್ಮದು ರಾಯಚೂರು ಸೀಮೆ, 1948ರವರೆಗೆ ನಿಜಾಮರ ಆಳಿಕೆ. ಶಾಲೆಯ ಭಾಷೆ ಉರ್ದು, ಕಚೇರಿಯ ಭಾಷೆಯೂ ಉರ್ದು. ನಮ್ಮಜ್ಜ ಉರ್ದುವಿನಲ್ಲಿ ಕಲಿತು, ಉರ್ದುವಿನಲ್ಲಿಯೇ ಲೆಕ್ಕಪತ್ರ ಬರೆದು ಕಾಲ ಹಾಕಿದವರು. ಕನ್ನಡ ಅಕ್ಷರ ಕೂಡಿಸಿ ಓದುವುದಕ್ಕೆ ತಿಣುಕುತ್ತಿದ್ದರು. ಹರಿಕಥಾಮೃತಸಾರದ ಒಂದು ಪದ್ಯ ಬೇಕಾದರೆ ಗಡಸು ಮನುಷ್ಯನಾದ ಅಜ್ಜ ಅಡಿಗೆಮನೆಯ ಹೊಸ್ತಿಲಿಗೆ ಬಂದು “ಅಕ್ಕಾ, ಅದೊಂದು ನುಡಿ ಅನ್ನು” ಎನ್ನಬೇಕಾಗಿತ್ತು. ಶಾಲೆ ಕಚೇರಿಗಳಲ್ಲಿ ಜಾಗವಿಲ್ಲದ ಕನ್ನಡ ನಮ್ಮ ಮನೆಯಲ್ಲಿ ಒಲೆಯ ಮುಂದೆ ಕೂತಿತ್ತು.

ಹರಿಕಥಾಮೃತಸಾರ ನಮ್ಮ ಸೀಮೆಯದೇ ಗ್ರಂಥ. ಮಾನವಿಯ ಜಗನ್ನಾಥದಾಸರು (1728–1809) ಮಧ್ವಸಿದ್ಧಾಂತವನ್ನೆಲ್ಲ ಭಾಮಿನೀ ಷಟ್ಪದಿಯಲ್ಲಿ, 32 ಸಂಧಿಗಳಲ್ಲಿ ಹಿಡಿದಿಟ್ಟರು. ವೇದ ಹೆಂಗಸರ ಕಿವಿಗೆ ಬೀಳಬಾರದು ಎನ್ನುತ್ತಿದ್ದ ಕಾಲ. ಅದರ ಸಾರ ಕನ್ನಡದಲ್ಲಿ ಬಂದಾಗ ಅದಕ್ಕೆ ತಡೆ ಹಾಕಲು ಯಾರಿಗೂ ಆಗಲಿಲ್ಲ. ರಾಯರ ಮಠದಲ್ಲಿ ಸಂಜೆ ಆಚಾರ್ಯರು ಓದಿ ಅರ್ಥ ಹೇಳುವಾಗ ಅಜ್ಜಿ ಕಂಬದ ಮರೆಯಲ್ಲಿ ಕೂತು ಕೇಳಿ ಬರುವಳು. ಕೇಳಿದ್ದು ಒಂದೋ ಎರಡೋ ಪದ್ಯ. ಮರುದಿನ ಬೆಳಗಿನ ಜಾವ ಬಾವಿಯ ಹತ್ತಿರ, ಆಕೆಯಂತೆಯೇ ಮಡಿಯಲ್ಲಿದ್ದ ಪಕ್ಕದ ಮನೆಯ ಮುದುಕಿಯೊಬ್ಬಳೊಡನೆ ಅದನ್ನು ತಾಳೆ ನೋಡುವುದು. ಒಬ್ಬಳು ಬಿಟ್ಟದ್ದನ್ನು ಇನ್ನೊಬ್ಬಳು ಹಿಡಿದಿರುತ್ತಿದ್ದಳು. ಹಗ್ಗ ಎಳೆಯುವಾಗ ಒಂದು ಸಾಲು, ಕೊಡ ಬಗ್ಗಿಸುವಾಗ ಇನ್ನೊಂದು.

ಗಂಡುಹುಡುಗರು ವೇದ ಕಲಿಯುವ ರೀತಿ ನೀವು ನೋಡಿರಬಹುದು. ಪದಪಾಠ, ಕ್ರಮಪಾಠ, ಜಟೆ, ಘನ ಎಂದು ಒಂದೇ ಮಂತ್ರದ ಶಬ್ದಗಳನ್ನು ಹಿಂದೆ ಮುಂದೆ ಹೆಣೆದು ಹೆಣೆದು ಹೇಳುತ್ತಾರೆ. ಒಂದು ಸ್ವರವೂ ಜಾರದಂತೆ ಕಟ್ಟಿದ ಕೋಟೆ ಅದು. ಯುನೆಸ್ಕೋ 2003ರಲ್ಲಿ ಆ ಪರಂಪರೆಯನ್ನು ಮನುಕುಲದ ಆಸ್ತಿ ಎಂದು ಸಾರಿದ್ದೂ ಸರಿಯೇ. ಆದರೆ ಅದಕ್ಕೆ ಗುರು ಬೇಕು, ವರ್ಷಗಟ್ಟಲೆ ಬಿಡುವು ಬೇಕು, ಹೊತ್ತು ಹೊತ್ತಿಗೆ ಬೇಯಿಸಿ ಬಡಿಸುವವರೂ ಬೇಕು. ಬಡಿಸುವವರಿಗೆ ಯಾವ ಕೋಟೆ? ಅವರಿಗೆ ಇದ್ದದ್ದು ಪ್ರಾಸ ಮತ್ತು ಮಾತ್ರೆ.

ಭಾಮಿನಿಯ ಹದ ಎಂಥದೆಂದರೆ, ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಆರು ಸಾಲು, ಅದರಲ್ಲಿ ಮೂರನೆಯದೂ ಆರನೆಯದೂ ಉದ್ದ. ಆರೂ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕು. ಒಂದು ಸಾಲು ಮರೆತರೂ ಅದು ಯಾವ ಅಕ್ಷರದ ಮೇಲೆ ನಿಂತಿತ್ತೆಂಬುದು ಮರೆಯುವುದಿಲ್ಲ, ಹುಡುಕಲು ಒಂದು ಹಿಡಿಕೆ ಸಿಕ್ಕುತ್ತದೆ. ಮಾತ್ರೆ ತಪ್ಪಿದರೆ ಕೈಯೂ ತಪ್ಪುತ್ತದೆ. ಮಜ್ಜಿಗೆ ಕಡೆಯುವಾಗ ಅಜ್ಜಿ ಒಂದು ಶಬ್ದ ಬದಲಿಸಿ ಹೇಳಿದಳೆಂದರೆ ಕಡಗೋಲು ನಿಂತುಬಿಡುತ್ತಿತ್ತು. ಛಂದಸ್ಸಿನ ಪುಸ್ತಕವನ್ನು ನಾನು ಕಾಲೇಜಿನಲ್ಲಿ ಓದಿ ಪಾಸಾದೆ. ಆಕೆಗೆ ಆ ಶಬ್ದವೇ ಗೊತ್ತಿರಲಿಲ್ಲ.

ಮಧ್ಯಾಹ್ನ ಮಡಿಯ ಊಟ ಮುಗಿದ ಮೇಲೆ ಹತ್ತಿ ಹಿಡಿದು ಬತ್ತಿ ಹೊಸೆಯಲು ಕೂಡುವಳು. ಒಂದು ಪದ್ಯಕ್ಕೆ ಒಂದು ಬತ್ತಿ. ಮಂಗಳಾಚರಣ ಸಂಧಿ ಮುಗಿದಾಗ 13 ಬತ್ತಿ ಆಗಿರಬೇಕು. ಹನ್ನೆರಡೇ ಆದರೆ ಎಲ್ಲೋ ಒಂದು ಪದ್ಯ ಜಾರಿದೆ, ಮತ್ತೆ ಮೊದಲಿನಿಂದ. ಸಮಯಕ್ಕೂ ಇದೇ ಲೆಕ್ಕ. ಗಡಿಯಾರ ಪಡಸಾಲೆಯಲ್ಲಿತ್ತು, ಅಡಿಗೆಮನೆಯಲ್ಲಿ ಇರಲಿಲ್ಲ. “ಬ್ಯಾಳಿ ಇಟ್ಟು ಕರುಣಾ ಸಂಧಿ ಅನ್ನು, ಮುಗಿಯೂದ್ರಾಗ ಬೆಂದಿರತದ” ಎಂದು ನಮ್ಮ ತಾಯಿಗೆ ಹೇಳುತ್ತಿದ್ದಳು. ನಮ್ಮ ತಾಯಿ ಆ ಸಂಧಿ ಕಲಿತದ್ದು ಭಕ್ತಿಯಿಂದಲ್ಲ, ಬೇಳೆ ಸೀಯಬಾರದೆಂದು. ಹಾಗೆಂದು ಆಕೆಯೇ ನಗುತ್ತ ಹೇಳುತ್ತಿದ್ದಳು.

ಬೆಳಗಿನ ಮೊದಲ ಪದ ಮಾತ್ರ ಕೇಶವನಾಮ. ಮಡಿಯಲ್ಲಿದ್ದಾಗ ನಾವು ಮೊಮ್ಮಕ್ಕಳು ಹತ್ತಿರ ಸುಳಿದರೂ ಮತ್ತೆ ಸ್ನಾನಕ್ಕೆ ಹೋಗುತ್ತಿದ್ದ ಅಜ್ಜಿಗೆ, ಕುರುಬರ ಕುಲದ ಕನಕದಾಸರ ಈ ಪದವಿಲ್ಲದೆ ಬೆಳಗಾಗುತ್ತಿರಲಿಲ್ಲ. ಇದನ್ನು ಆಕೆಗೆ ತೋರಿಸಿಕೊಡುವಷ್ಟು ದೊಡ್ಡವಳು ನಾನಾದಾಗ, ಹಾಗೆ ಮಾಡುವ ಮನಸ್ಸಾಗಲಿಲ್ಲ.

ಹೆಂಗಸರು ಬರೀ ನೆನಪಿಟ್ಟವರಲ್ಲ, ಕಟ್ಟಿದವರೂ ಹೌದು. ಹದಿನೆಂಟನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮನ ‘ಚಂದ್ರಹಾಸನ ಕಥೆ’ಯನ್ನು ಹೆಂಗಸರು ಬಾಯಿಪಾಠ ಮಾಡಿ ಹಾಡುತ್ತಿದ್ದರು. ಹರಪನಹಳ್ಳಿ ಭೀಮವ್ವ (1823–1903) ಓದು ಬರಹ ಬಾರದವಳೆಂದೇ ಆಕೆಯ ಚರಿತ್ರೆ ಹೇಳುತ್ತದೆ. ಬರೆಯಲು ಬಾರದವಳ ಹಾಡು ಉಳಿಯಬೇಕಾದರೆ ಕೇಳಿ ಹಿಡಿದುಕೊಳ್ಳುವ ಇನ್ನೊಂದು ಬಾಯಿ ಬೇಕಲ್ಲ! ದಾಸರ ಪದಗಳು ಮೊದಲು ಅಚ್ಚಾದದ್ದು 1850ರ ಸುಮಾರಿಗೆ, ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ, ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಯಿಂದ. ಅದು ಆಗುವವರೆಗೆ, ಆದ ಮೇಲೂ ಬಹುಕಾಲ, ನಮ್ಮಂಥ ಊರುಗಳಲ್ಲಿ ಪುಸ್ತಕ ಎಂದರೆ ಅಜ್ಜಿಯೇ. ಭೀಮವ್ವ ಹುಟ್ಟಿದ ನಾರಾಯಣದೇವರ ಕೆರೆ ತುಂಗಭದ್ರಾ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಹಾಡು ಮುಳುಗಲಿಲ್ಲ.

ನನ್ನ ಮದುವೆ 1984ರಲ್ಲಿ. ಆಗ ಹೊಸದಾಗಿ ಟೇಪ್ ರೆಕಾರ್ಡರ್ ಬಂದಿತ್ತು. ಹಸೆಯ ಮುಂದೆ ಶೋಭಾನೆಯ ಕ್ಯಾಸೆಟ್ ಹಾಕಿದರು. ಹೆಂಗಸರು ಸೀರೆ ಒಡವೆ ಮಾತಾಡುತ್ತ ಕೂತರು. ಕ್ಯಾಸೆಟ್ಟಿನವರು ಎಲ್ಲಿಯೂ ತಡವರಿಸಲಿಲ್ಲ. ಎಂಬತ್ತು ದಾಟಿದ್ದ ಅಜ್ಜಿ ಒಳಗಿನಿಂದ, ಈ ಸಲ ತುಸು ಜೋರಾಗಿಯೇ ಕೂಗಿದಳು: “ನಡುವ ನಾಕು ನುಡಿ ಬಿಟ್ಟಾರ.”

ಎಲ್ಲರೂ ನಕ್ಕರು. ಹಸೆಯ ಮೇಲೆ ಕೂತ ನಾನೂ ನಕ್ಕೆ. ಎದ್ದು ಹೋಗಿ, ಕೈ ಹಿಡಿದು ಹೊರಗೆ ಕರೆತಂದು, ಆ ನಾಲ್ಕು ನುಡಿ ನೀನೇ ಹೇಳಜ್ಜಿ ಎನ್ನಬಹುದಿತ್ತು. ನಾನು ಬಿ.ಎ. ಆದವಳು, ಸ್ತ್ರೀ ಸ್ವಾತಂತ್ರ್ಯದ ಮೇಲೆ ಕಾಲೇಜಿನಲ್ಲಿ ಭಾಷಣ ಮಾಡಿ ಬಹುಮಾನ ಪಡೆದವಳು. ಏಳಲಿಲ್ಲ. ಎರಡು ವರ್ಷದ ನಂತರ ಅಜ್ಜಿ ತೀರಿಕೊಂಡಳು. ಬಿಟ್ಟುಹೋದ ನುಡಿ ಯಾವುವೆಂದು ಅಚ್ಚಿನ ಪುಸ್ತಕ ಹಿಡಿದು ಆಮೇಲೆ ನಾನೇ ಕಂಡುಕೊಂಡೆ. ನಾಲ್ಕೇ ಇದ್ದವು.

ಅಜ್ಜಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಹರಿಕಥಾಮೃತಸಾರದ ನಾಲ್ಕನೆಯದಾದ ಭೋಜನರಸವಿಭಾಗ ಸಂಧಿ. ಯಾವ ಯಾವ ಪದಾರ್ಥದಲ್ಲಿ ದೇವರ ಯಾವ ರೂಪ ಇದೆ ಎಂದು ಅದರಲ್ಲಿ ಹೇಳಿದೆ. ಅನ್ನದಲ್ಲಿ ಕೇಶವ, ಪರಮಾನ್ನದಲ್ಲಿ ನಾರಾಯಣ, ಭಕ್ಷ್ಯದಲ್ಲಿ ಮಾಧವ, ತುಪ್ಪದಲ್ಲಿ ಗೋವಿಂದ, ಹಾಲಿನಲ್ಲಿ ವಿಷ್ಣು. ದಿನಾ ಸಂಧ್ಯಾವಂದನೆಗೆ ಹೇಳುವ ಇಪ್ಪತ್ನಾಲ್ಕು ನಾಮಗಳ ಅದೇ ಸಾಲು. ಆ ಗೂಟಗಳಿಗೆ ದಾಸರು ಒಂದೊಂದು ಪಾತ್ರೆ ತೂಗುಹಾಕಿದ್ದಾರೆ. ಪಂಡಿತರು ಇದರಲ್ಲಿ ಉಪಾಸನೆಯ ರಹಸ್ಯ ಕಾಣುತ್ತಾರೆ. ಇರಬಹುದು. ನನಗೆ ಕಾಣುವುದು ಬಡಿಸುತ್ತಿರುವ ಹೆಂಗಸಿನ ಕೈ. ಅನ್ನದ ಪಾತ್ರೆ ಮುಟ್ಟಿದರೆ ಒಂದು ಮಾತು, ತುಪ್ಪದ ಗಿಂಡಿ ಎತ್ತಿದರೆ ಇನ್ನೊಂದು. ಈ ಒಂದು ಸಂಧಿಯನ್ನು ಕಲಿಯಲು ಅಡಿಗೆಮನೆ ಬಿಟ್ಟು ಎಲ್ಲಿಗೂ ಹೋಗಬೇಕಾಗಿಲ್ಲ. ಬೇರೆ ಎಲ್ಲ ಶಾಸ್ತ್ರವೂ ಹೆಂಗಸನ್ನು ಬಾಗಿಲ ಹೊರಗೋ ಹಿಂದೋ ನಿಲ್ಲಿಸಿತು, ಇದೊಂದು ತಾನೇ ಒಳಗೆ ಬಂದು ಒಲೆಯ ಹತ್ತಿರ ಕೂತಿತು.

ಹೋದ ವರ್ಷದಿಂದ ನಾನೂ ಇದನ್ನು ಬಾಯಿಪಾಠ ಮಾಡಲು ಹತ್ತಿದ್ದೇನೆ. ಮೊದಲು ಸೋಫಾದ ಮೇಲೆ ಪುಸ್ತಕ ಹಿಡಿದು ಕೂತೆ. ನಾಲ್ಕು ಪದ್ಯ ದಾಟಲಿಲ್ಲ, ನಿದ್ದೆ ಬಂತು. ಮೊಬೈಲಿನಲ್ಲಿ ಹಾಕಿಕೊಂಡು ಕೇಳಿದೆ. ಕೇಳಲು ಹಿತ, ಆದರೆ ನಿಲ್ಲಿಸಿದ ಕೂಡಲೇ ನನ್ನ ಬಾಯಲ್ಲಿ ಏನೂ ಉಳಿಯದು. ಕೊನೆಗೆ ಪುಸ್ತಕವನ್ನು ಮಿಕ್ಸರ್ ಪಕ್ಕಕ್ಕೆ ಒರಗಿಸಿಟ್ಟೆ. ಕುಕ್ಕರಿನಲ್ಲಿ ಅಕ್ಕಿ ಇಡುವಾಗ ಅಕ್ಕಿಯ ಮಾತು, ಹಾಲಿನ ಪಾಕೀಟು ಕತ್ತರಿಸುವಾಗ ಹಾಲಿನ ಮಾತು. ಹಾಗೆ ಹತ್ತತೊಡಗಿತು. ಅರಿಷಿಣದ ಬೆರಳಚ್ಚು ಬಿದ್ದ ಪುಟಗಳು ಕಲಿತ ಪುಟಗಳೆಂದು ಗುರುತು.

ವಿಷ್ಣುವಿನವರೆಗೆ ಸಲೀಸಾಗಿ ಬರುತ್ತದೆ. ಅಲ್ಲಿಂದ ಮುಂದೆ ಪ್ರತಿ ಸಲವೂ ಎಡವುತ್ತೇನೆ. ಮುಂದಿನದು ಮಧುಸೂದನ, ಮಂಡಿಗೆಯಲ್ಲಿ. ನಮ್ಮ ಮನೆಯಲ್ಲಿ ಮಂಡಿಗೆ ಮಾಡಿ ನಲವತ್ತು ವರ್ಷವಾಯಿತು. ಕಣಕವನ್ನು ಎರಡೂ ಅಂಗೈ ಮೇಲೆ ಆಡಿಸುತ್ತ ಸೀರೆಯ ಹಾಗೆ ತೆಳ್ಳಗೆ ಹರಡಿ, ಬೋರಲು ಹಾಕಿದ ಕಾದ ಗಡಿಗೆಯ ಮೇಲೆ ಎಸೆಯುತ್ತಿದ್ದವಳು ಅಜ್ಜಿ. ಕೊನೆಯ ಸಲ ಮಾಡಿದ್ದು ನನ್ನ ಮದುವೆಯಲ್ಲಿ. ಕಲಿಸುತ್ತೇನೆ ಬಾ ಎಂದು ಆ ವಾರವೆಲ್ಲ ಕರೆದಿದ್ದಳು. ಕೈಗೆ ಮದರಂಗಿ ಹಚ್ಚಿಕೊಂಡಿದ್ದೇನೆ, ನಾಳೆ ನೋಡೋಣ ಎಂದಿದ್ದೆ.