ಓದುವ ಯಂತ್ರವಿಲ್ಲದ ಓಲೆಗಳು

ಕೆಂಚನಗುಡ್ಡದಿಂದ ಸಿರುಗುಪ್ಪಕ್ಕೆ ಬಂದಿದ್ದ ಒಂದು ದಿನ, ಗುಜರಿ ಅಂಗಡಿಯ ಮುಂದೆ ತುಕ್ಕು ಹಿಡಿದ ಗಣಕಯಂತ್ರವೊಂದು ಕಣ್ಣಿಗೆ ಬಿತ್ತು. ಹಿಂದೆ ಯಾವುದೋ ಬ್ಯಾಂಕಿನ ಲೆಕ್ಕ ಬರೆಯುತ್ತಿದ್ದುದಂತೆ. ಅಂಗಡಿಯಾತ ತಗಡನ್ನು ತೂಕಕ್ಕೆ ಹಾಕಿ, ಜೊತೆಗಿದ್ದ ಟೇಪಿನ ಡಬ್ಬಿಯನ್ನು ಬೆಲೆಯಿಲ್ಲವೆಂದು ಬದಿಗೆಸೆದಿದ್ದ. ಓಲೆಗರಿಗಳನ್ನು ಒಲೆಗೆ ಹಾಕಿದ ಮನೆತನಗಳ ಕಥೆ ಕೇಳಿ ಬೆಳೆದ ನನ್ನಂಥ ಕನ್ನಡ ಮೇಷ್ಟರಿಗೆ ಅದನ್ನು ನೋಡಿ ಸುಮ್ಮನೆ ಬರಲಾಗಲಿಲ್ಲ.

1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದ ಮೇಲೆ ನಮ್ಮ ಬ್ಯಾಂಕುಗಳ ಶಾಖೆಗಳನ್ನು ಹೊಕ್ಕ ಇಂಥ ಯಂತ್ರಗಳಲ್ಲಿ ಅನೇಕವು ಯೂನಿಕ್ಸ್‌ನಿಂದ ನಡೆಯುತ್ತಿದ್ದವು. ಯೂನಿಕ್ಸ್ ಎಂದರೆ ಯಂತ್ರದೊಳಗೆ ಯಾವ ಕೆಲಸ ಯಾವಾಗ ನಡೆಯಬೇಕೆಂದು ನಿಯಮಿಸುವ ಆಜ್ಞೆಗಳ ಕಟ್ಟು. 1986ರಲ್ಲಿ ಆರಂಭವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿತ್ತು. ಆ ಜಾಲದ ಮೊದಮೊದಲ ಮಿಂಚಂಚೆಗಳನ್ನು ಸಾಗಿಸಿದ್ದೂ ಯೂನಿಕ್ಸ್‌ನದೇ ಒಂದು ಸಾಧನ.

ಇದರ ಹುಟ್ಟು 1969ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚಿ ಇದನ್ನು ಕಟ್ಟಿದ್ದು ಪಿಡಿಪಿ-7 ಎಂಬ ಯಂತ್ರದ ಮೇಲೆ. ಅದರ ಸ್ಮೃತಿಯಲ್ಲಿ ಹಿಡಿಯುತ್ತಿದ್ದುದು 8192 ಪದಗಳು ಮಾತ್ರ! ಆ ಜಾತಿಯ ಯಂತ್ರಗಳು ತಯಾರಾದದ್ದೇ ನೂರಿಪ್ಪತ್ತರಷ್ಟು. ಮೂಲ ಯೂನಿಕ್ಸ್ ಕಾಗದದ ಹಾಳೆಗಳಲ್ಲಿ ಮಾತ್ರ ಉಳಿದಿತ್ತು. 2016ರಲ್ಲಿ ವಾರೆನ್ ಟೂಮಿ ಮತ್ತು ಸಂಗಡಿಗರು ಅದನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಿ, ದೊರೆಯದ ಭಾಗಗಳನ್ನು ತಾವೇ ರಚಿಸಿ, ಮತ್ತೆ ಜೀವ ಬರಿಸಿದರು. ಇದು ಗ್ರಂಥಸಂಪಾದನೆಯಲ್ಲದೆ ಮತ್ತೇನು? ಡಿ. ಎಲ್. ನರಸಿಂಹಾಚಾರ್ಯರು 'ವಡ್ಡಾರಾಧನೆ'ಯನ್ನು 1949ರಲ್ಲಿ ಹೊರತಂದಾಗ ಪಟ್ಟ ಶ್ರಮವೂ ಇದೇ ಜಾತಿಯದು.

ಆದರೆ ಒಂದು ಭೇದವುಂಟು. ಹಳಗನ್ನಡದ ಓಲೆಯನ್ನು ಓದಲು ಲಿಪಿ ಬಲ್ಲ ಕಣ್ಣಿದ್ದರೆ ಸಾಕು. ಯಂತ್ರದ ಬರಹಕ್ಕೆ ಅದನ್ನು ನಡೆಸುವ ಯಂತ್ರವೇ ಬೇಕು. ಅದು ಹಾಳಾದರೆ ಬರಹವಿದ್ದೂ ಇಲ್ಲದಂತೆ. ಇದಕ್ಕೆಂದೇ ಇಂದಿನ ಗಣಕದೊಳಗೆ ಹಳೆಯ ಯಂತ್ರದ ವೇಷ ಹಾಕಿಸುವ ಉಪಾಯ ಹುಟ್ಟಿತು. ಬಾಬ್ ಸಪ್ನಿಕ್ 1993ರಲ್ಲಿ ತೊಡಗಿದ 'ಸಿಮ್ಹ್' ಅಂಥದು. ಹಳೆಯ ಆಜ್ಞೆಗಳು ಅದರ ಮುಂದೆ, ತಮ್ಮ ಯಜಮಾನನೇ ಎದುರಿಗಿದ್ದಾನೆಂಬ ಭ್ರಮೆಯಲ್ಲಿ, ಎಂದಿನಂತೆ ಕೆಲಸ ಮಾಡುತ್ತವೆ.

2025ರಲ್ಲಿ ಯೂಟಾ ವಿಶ್ವವಿದ್ಯಾನಿಲಯದ ಉಗ್ರಾಣದಲ್ಲಿ 1973ರ ನಾಲ್ಕನೆಯ ಯೂನಿಕ್ಸ್‌ನ ಟೇಪು ಸಿಕ್ಕಿತು. ಅದರ ತಿರುಳು ಮೊದಲ ಬಾರಿಗೆ ಸಿ ಭಾಷೆಗೆ ಬಂದದ್ದು ಈ ಆವೃತ್ತಿಯಲ್ಲಿ. ಕ್ಯಾಲಿಫೋರ್ನಿಯದ ಗಣಕ ಇತಿಹಾಸ ಸಂಗ್ರಹಾಲಯದಲ್ಲಿ ಅದೇ ಡಿಸೆಂಬರಿನಲ್ಲಿ ಅದನ್ನು ಓದಿಯೂ ಆಯಿತು. ಐವತ್ತು ವರ್ಷ ಅದನ್ನು ಯಾರೂ ಎಸೆಯದೆ ಇದ್ದುದೇ ಅದರ ಭಾಗ್ಯ.

ಸಿರುಗುಪ್ಪದ ಡಬ್ಬಿಯನ್ನು ಇಪ್ಪತ್ತು ರೂಪಾಯಿಗೆ ಕೊಂಡುತಂದೆ. ಅಂಗಡಿಯಾತ ನಕ್ಕ. ಅದರಲ್ಲಿ ಯಾರ ಸಾಲದ ಲೆಕ್ಕವಿದೆಯೋ, ನನಗದು ಬೇಡ. ನಮ್ಮವರು ಆ ಲೆಕ್ಕಕ್ಕೆಂದು ಬರೆದ ಆಜ್ಞೆಗಳು ಬೇಕು. ಚೀಟಿಯ ಮೇಲೆ ಯಾರೋ ನೀಲಿ ಶಾಯಿಯಲ್ಲಿ ಒಂದು ತಾರೀಖು ಬರೆದಿದ್ದಾರೆ. ಸದ್ಯಕ್ಕೆ ನಾನು ಓದಬಲ್ಲದ್ದು ಅಷ್ಟೇ.